ಹರಿದ ಯೆನ್ ನೋಟಿಗೆ ಹಣ ಸಿಕ್ಕ ಬಗೆ

ಜಪಾನಿನಲ್ಲಿ ನೋಟು ಹರಿದರೂ ಸುಟ್ಟರೂ ಅದಕ್ಕೆ ಎಷ್ಟು ಹಣ ಕೊಡಬೇಕು ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಅಲ್ಲಿನ ಕೇಂದ್ರ ಬ್ಯಾಂಕು, ಬ್ಯಾಂಕ್ ಆಫ್ ಜಪಾನ್. ಅಲ್ಲಿನವರ ಬಾಯಲ್ಲಿ ಅದು ನಿಚಿಗಿನ್. ಲೆಕ್ಕ ಸರಳ. ನೋಟಿನ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಪೂರ್ತಿ ಹಣ. ಅಷ್ಟಿಲ್ಲ, ಆದರೆ ಐದರಲ್ಲಿ ಎರಡು ಪಾಲಾದರೂ ಇದೆ ಅಂದರೆ ಅರ್ಧ ಹಣ. ಅದಕ್ಕೂ ಕಡಿಮೆ ಇದ್ದರೆ ಏನೂ ಸಿಗುವುದಿಲ್ಲ.

ಓದುವಾಗ ಇಷ್ಟೇನಾ ಅನ್ನಿಸುತ್ತದೆ. ಕೈಯಲ್ಲಿ ಒದ್ದೆ ಕಾಗದದ ಉಂಡೆ ಹಿಡಿದುಕೊಂಡು ನಿಂತಾಗ ಮಾತ್ರ ಯಾವುದು ಎಷ್ಟು ಪಾಲು ಅಂತ ಹೇಳುವುದು ಕಷ್ಟ. ಕ್ಯೋಟೋದಲ್ಲಿ ನಾವು ಉಳಿದುಕೊಂಡಿದ್ದ ಹೋಟೆಲಿನ ಲಾಂಡ್ರಿ ಕೋಣೆಯಲ್ಲಿ ನಮಗೆ ಎದುರಾದದ್ದು ಅಂಥ ಉಂಡೆ. ಅಮ್ಮನ ಉಣ್ಣೆ ಕೋಟಿಗೆ ಒಳಗೊಂದು ಜೇಬು ಇತ್ತು. ಅದರಲ್ಲಿ 10,000 ಯೆನ್‌ನ ಮೂರು ನೋಟುಗಳನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ತುರ್ತಿಗೆ ಬೇಕಾಗುತ್ತದೆ ಅಂತ ಇಟ್ಟ ಹಣ ಅದು. ಕೋಟು ಮೊದಲು ವಾಷಿಂಗ್ ಮೆಷಿನ್‌ಗೆ ಹೋಯಿತು, ಆಮೇಲೆ ಡ್ರೈಯರ್‌ಗೆ. ತೊಳೆದದ್ದರಿಂದ ನೋಟುಗಳಿಗೆ ಅಷ್ಟೇನೂ ಆಗಿರಲಿಲ್ಲ ಅಂತ ಈಗಲೂ ನನ್ನ ನಂಬಿಕೆ. ಯೆನ್ ನೋಟಿನ ಕಾಗದಕ್ಕೆ ಮಿತ್ಸುಮಾತಾ ಅನ್ನೋ ಗಿಡದ ನಾರು ಮತ್ತು ಅಬಾಕಾ ಅನ್ನೋ ನಾರು ಬಳಸುತ್ತಾರೆ. ಗಟ್ಟಿ ಕಾಗದ. ನೀರಿಗೆ ಬಿದ್ದ ಕೂಡಲೇ ಕರಗುವಂಥದ್ದಲ್ಲ. ಕೆಲಸ ಕೆಡಿಸಿದ್ದು ಡ್ರೈಯರ್. ಒದ್ದೆ ಮಡಿಕೆಗಳು ಬಿಸಿಯಲ್ಲಿ ಅಷ್ಟು ಹೊತ್ತು ಉಜ್ಜಿ ಉಜ್ಜಿ, ಮಡಿಕೆಯ ಗೆರೆ ಹಿಡಿದೇ ಹರಿದುಹೋಗಿದ್ದವು.

ಜೇಬಿನಲ್ಲಿ ಸಿಕ್ಕಿದ್ದು ಎರಡು ಕೈಗಳ ತುಂಬ ಚೂರು. ಇನ್ನೊಂದಿಷ್ಟು ಡ್ರೈಯರ್‌ನ ಡ್ರಮ್ಮಿನ ಒಳಗೋಡೆಗೆ ಅಂಟಿದ್ದವು. ಅಮ್ಮನ ಮುಖ ಬಾಡಿಹೋಯಿತು. "ಹೋಗ್ಲಿ ಬಿಡು, ಎತ್ತಿ ಬಿಸಾಕು" ಅಂದಳು. ಬೇಜಾರಾದಾಗ ಅವಳು ಹೇಳೋದೇ ಹಾಗೆ. ನನಗೆ ಬಿಸಾಕಲು ಮನಸ್ಸು ಬರಲಿಲ್ಲ. ಫೋನಿನಲ್ಲಿ ಹುಡುಕಿದಾಗ ನಿಚಿಗಿನ್ ನಿಯಮ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಮಾತು ನನಗೆ ತುಂಬಾ ಧೈರ್ಯ ಕೊಟ್ಟಿತು. ನೋಟು ಎಷ್ಟೇ ಚೂರಾಗಿರಲಿ, ಆ ಚೂರುಗಳು ಒಂದೇ ನೋಟಿನವು ಅಂತ ಗೊತ್ತಾದರೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ನೋಟು ಸುಟ್ಟು ಬೂದಿಯಾಗಿದ್ದರೂ, ಅದು ನೋಟಿನದೇ ಬೂದಿ ಅಂತ ಗುರುತು ಸಿಕ್ಕರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಬೂದಿಗೇ ಬೆಲೆ ಇದೆ ಅಂದಮೇಲೆ ನಮ್ಮ ಚೂರುಗಳನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆ?

ಆದ್ದರಿಂದ ಮೊದಲು ಮಾಡಿದ ಕೆಲಸ ಡ್ರೈಯರ್‌ನ ಲಿಂಟ್ ಜಾಲರಿ ಬಿಚ್ಚಿದ್ದು. ಬಟ್ಟೆಯ ಜುಂಗು ಬೂದು ಬಣ್ಣದ ಹಾಸಿನ ಹಾಗೆ ಅಲ್ಲಿ ಸೇರಿಕೊಂಡಿರುತ್ತದೆ ಅಲ್ವಾ, ಅದರೊಳಗೆ ಅಲ್ಲಲ್ಲಿ ಕಂದು ಬಣ್ಣದ ಚುಕ್ಕೆ. ಕೆಲವು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಕೆಲವು ಉಗುರಿನಷ್ಟು. ಜುಂಗನ್ನು ಹಾಗೇ ಇಡಿಯಾಗಿ ಎತ್ತಿ ಪೇಪರ್ ಮೇಲೆ ಹರಡಿದೆವು. ಅಮ್ಮನ ಹತ್ತಿರ ಹುಬ್ಬು ತೀಡುವ ಚಿಮಟ ಇತ್ತು. ಅದರಲ್ಲಿ ಒಂದೊಂದೇ ಚೂರು ಹೆಕ್ಕಿದೆವು. ಆ ರಾತ್ರಿ ಊಟಕ್ಕೂ ಹೊರಗೆ ಹೋಗಲಿಲ್ಲ.

ಹೆಕ್ಕಿದ್ದು ಸುಲಭದ ಕೆಲಸ. ಯಾವ ಚೂರು ಯಾವ ನೋಟಿನದು ಅಂತ ಬೇರೆ ಮಾಡುವುದಕ್ಕೇ ಹೊತ್ತು ಹಿಡಿದದ್ದು. ಅದೃಷ್ಟಕ್ಕೆ ಮೂರರಲ್ಲಿ ಒಂದು ನೋಟು ಹಳೆಯದು. 2024ರ ಜುಲೈ 3ರಂದು ಜಪಾನ್ ಹೊಸ ನೋಟುಗಳನ್ನು ತಂದಿತು. ಅದಕ್ಕೂ ಮೊದಲಿನ 10,000ದ ನೋಟಿನಲ್ಲಿ ಫುಕುಜಾವಾ ಯುಕಿಚಿ ಅವರ ಚಿತ್ರ ಇತ್ತು, ಹೊಸದರಲ್ಲಿ ಶಿಬುಸಾವಾ ಏಇಚಿ ಅವರದು. ಹಳೆಯದು ಈಗಲೂ ನಡೆಯುತ್ತದೆ, ಅದರ ಬಗ್ಗೆ ಯಾರೂ ಹೆದರಬೇಕಿಲ್ಲ. ಹಳೆಯ ನೋಟಿನ ಹಿಂಬದಿಯಲ್ಲಿ ಉಜಿಯ ಬ್ಯೋದೋಇನ್ ದೇವಸ್ಥಾನದ ಫೀನಿಕ್ಸ್ ಹಕ್ಕಿ. ಹಿಂದಿನ ದಿನವಷ್ಟೇ ನಾವು ಉಜಿಗೆ ಹೋಗಿ ಆ ದೇವಸ್ಥಾನ ನೋಡಿಕೊಂಡು ಬಂದಿದ್ದೆವು. ಹಾಗಾಗಿ ರೆಕ್ಕೆಯ ಗರಿ ಕಂಡ ಚೂರನ್ನು ಅಮ್ಮ ಥಟ್ಟನೆ ಗುರುತು ಹಿಡಿಯುತ್ತಿದ್ದಳು. ಹೊಸ ನೋಟಿನ ಹಿಂಬದಿಯಲ್ಲಿ ಇರುವುದು ಟೋಕಿಯೋ ನಿಲ್ದಾಣದ ಮಾರುನೊಉಚಿ ಕಡೆಯ ಇಟ್ಟಿಗೆ ಕಟ್ಟಡ. ಕಿಟಕಿ, ಗುಮ್ಮಟ ಕಂಡರೆ ಅದು ಹೊಸದು.

ಎರಡು ಹೊಸ ನೋಟುಗಳ ಚೂರುಗಳನ್ನು ಬೇರೆ ಮಾಡಲು ಮಾತ್ರ ನಿಜವಾಗಿ ಕಷ್ಟಪಟ್ಟೆವು. ನೋಟಿನ ಸಂಖ್ಯೆ ಎರಡು ಕಡೆ ಇರುತ್ತದೆ. ಸಂಖ್ಯೆ ಇದ್ದ ಚೂರುಗಳು ಮೊದಲು ಜಾಗ ಸೇರಿದವು. ಆಮೇಲೆ ಹರಿದ ಅಂಚು ಅಂಚಿಗೆ ಕೂಡುತ್ತದಾ ಅಂತ ನೋಡುವುದು. ಒಂದು ಗುರುತು ತುಂಬಾ ಉಪಯೋಗಕ್ಕೆ ಬಂತು. ಕಣ್ಣು ಕಾಣದವರಿಗೆ ಅಂತ ಯೆನ್ ನೋಟಿನಲ್ಲಿ ಬೆರಳಿಗೆ ತಾಕುವ ಓರೆಗೆರೆಗಳನ್ನು ಹಾಕಿರುತ್ತಾರೆ. ಹೊಸ 10,000ದ ನೋಟಿನಲ್ಲಿ ಅವು ಎಡಗಡೆ ಒಂದು ಕಡೆ, ಬಲಗಡೆ ಒಂದು ಕಡೆ. ಮೆಷಿನ್ನು, ಡ್ರೈಯರ್ ಎಲ್ಲ ದಾಟಿ ಬಂದಮೇಲೂ ಆ ಗೆರೆ ಬೆರಳಿಗೆ ಸಿಗುತ್ತಿತ್ತು. ಶಾಯಿ ಮಾಸಿದ ಒಂದು ಚೂರನ್ನು ನಾವು ಗುರುತು ಹಿಡಿದದ್ದು ಹಾಗೆ ಮುಟ್ಟಿ ನೋಡಿಯೇ. ಆ ನೋಟು ಮಾಡಿದವರ ಬಗ್ಗೆ ಆಗ ನನಗೆ ದೊಡ್ಡ ಗೌರವ ಬಂತು.

ಬೆಳಿಗ್ಗೆ ಹೊತ್ತಿಗೆ ಚೂರುಗಳು ಒಣಗಿ, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಂಚು ಮೇಲೆದ್ದಿದ್ದವು. ಟೇಪ್ ಹಚ್ಚಿ ಕೂಡಿಸಿಬಿಡೋಣ ಅಂತ ಅಮ್ಮನಿಗೆ ಆಸೆ. ನಾನು ಬೇಡ ಅಂದೆ. ಟೇಪ್ ಅಂಟಿಸಿ ಕಿತ್ತರೆ ಮೇಲಿನ ಶಾಯಿಯೂ ಕಿತ್ತು ಬರುತ್ತದೆ. ತಪ್ಪು ಚೂರು ತಪ್ಪು ನೋಟಿಗೆ ಸೇರಿಬಿಟ್ಟರೆ ನೋಡುವವರಿಗೆ ಅನುಮಾನ ಬರುವುದು ಸಹಜ. ಹೋಟೆಲಿನ ರಿಸೆಪ್ಷನ್‌ನಲ್ಲಿ ಇದ್ದ ಹುಡುಗಿಯೂ ಅದನ್ನೇ ಹೇಳಿದಳು. ಅವಳ ಪಕ್ಕದ ಮನೆಯವರ ನೋಟುಗಳು ಹಿಂದೊಮ್ಮೆ ನೀರಿಗೆ ಬಿದ್ದು ಒಂದಕ್ಕೊಂದು ಅಂಟಿಕೊಂಡಿದ್ದವಂತೆ. ಇದ್ದದ್ದು ಇದ್ದ ಹಾಗೆ ತೆಗೆದುಕೊಂಡು ಹೋಗಿ, ಬಿಡಿಸುವುದಕ್ಕೂ ಕೂಡಿಸುವುದಕ್ಕೂ ಹೋಗಬೇಡಿ ಅಂದಳು. ನಾವು ಒಂದು ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ ತಂದು, ಮೂರು ಬಿಳಿ ಹಾಳೆಗಳ ನಡುವೆ ಮೂರು ನೋಟುಗಳ ಚೂರುಗಳನ್ನು ಬೇರೆ ಬೇರೆ ಜೋಡಿಸಿ ಮುಚ್ಚಿದೆವು. ಯಾವುದಕ್ಕೂ ಸೇರದ ಪುಡಿಚೂರುಗಳು ಒಂದು ಲಕೋಟೆಯಲ್ಲಿ.

ಕ್ಯೋಟೋದಲ್ಲೂ ನಿಚಿಗಿನ್ ಶಾಖೆ ಇದೆ. ಆದರೆ ಅವತ್ತು ಶನಿವಾರ, ಕೌಂಟರ್ ಮುಚ್ಚಿತ್ತು. ಹತ್ತಿರದಲ್ಲಿದ್ದ ಒಂದು ಹಣ ವಿನಿಮಯದ ಅಂಗಡಿಗೆ ಸುಮ್ನೆ ಕೇಳಿ ನೋಡೋಣ ಅಂತ ಹೋದೆವು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅಲ್ಲಿನವರು ಕೈ ಅಡ್ಡ ಮಾಡಿದರು. ಅವರನ್ನು ದೂರುವ ಹಾಗಿಲ್ಲ. ವಿನಿಮಯದವರಿಗೆ ಬೇಕಾದದ್ದು ಮತ್ತೊಬ್ಬರಿಗೆ ಕೊಡಬಹುದಾದ ನೋಟು. ಜಪಾನಿನಲ್ಲಿ ಟಿಕೆಟ್ ಯಂತ್ರ, ಊಟದ ಕೂಪನ್ ಯಂತ್ರ, ಎಟಿಎಂ ಎಲ್ಲವೂ ನೋಟು ನುಂಗಿ ಪರೀಕ್ಷಿಸುವಂಥವು, ತುಂಡಾದ ನೋಟು ಅಲ್ಲಿ ಎಲ್ಲೂ ನಡೆಯುವುದಿಲ್ಲ. ಸ್ವಲ್ಪ ಹರಿದ ನೋಟನ್ನು ಸಾಮಾನ್ಯ ಬ್ಯಾಂಕಿನವರು ನೋಡುತ್ತಾರೆ, ಜಾಸ್ತಿ ಹಾಳಾದದ್ದು ಕೊನೆಗೆ ನಿಚಿಗಿನ್‌ಗೇ ಹೋಗಬೇಕು. ನಮ್ಮದು ಆ ಎರಡನೇ ಜಾತಿ.

ಭಾನುವಾರ ಶಿಂಕಾನ್ಸೆನ್ ಹತ್ತಿ ಟೋಕಿಯೋಗೆ ಬಂದೆವು. ಡಬ್ಬಿಯನ್ನು ಅಮ್ಮ ಮಡಿಲಿನಿಂದ ಕೆಳಗಿಳಿಸಲಿಲ್ಲ. ರೈಲಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ. 10,000ದ ನೋಟು 160 ಮಿಲಿಮೀಟರ್ ಉದ್ದ, 76 ಮಿಲಿಮೀಟರ್ ಅಗಲ. ಅಂದರೆ ಸುಮಾರು 122 ಚದರ ಸೆಂಟಿಮೀಟರ್. ಪೂರ್ತಿ ಹಣ ಬೇಕಾದರೆ ಅದರಲ್ಲಿ 81 ಉಳಿದಿರಬೇಕು, ಅರ್ಧ ಹಣಕ್ಕೆ 49 ಸಾಕು. ನೇರವಾಗಿ ಅಡ್ಡ ಹರಿದ ನೋಟಾದರೆ ಇನ್ನೂ ಸುಲಭ. ಉದ್ದ ಅಳೆದರೆ ಆಯಿತು. 10.7 ಸೆಂಟಿಮೀಟರ್ ಇದ್ದರೆ ಪೂರ್ತಿ, 6.4 ಇದ್ದರೆ ಅರ್ಧ.

ನಮ್ಮ ಹಳೆಯ ನೋಟು ನಾಲ್ಕು ತುಂಡಾಗಿತ್ತು, ಆದರೆ ನಾಲ್ಕೂ ಇದ್ದವು. ಅದರ ಚಿಂತೆ ಇರಲಿಲ್ಲ. ಹೊಸ ನೋಟುಗಳಲ್ಲಿ ಒಂದರ ದೊಡ್ಡ ತುಂಡು ಪೂರ್ತಿಗೆ ಸ್ವಲ್ಪವೇ ಕಡಿಮೆ, ಜಾಲರಿಯ ಚೂರುಗಳು ಸೇರಿದರೆ ದಾಟುವ ಹಾಗಿತ್ತು. ಇನ್ನೊಂದರದ್ದೇ ಆತಂಕ. ಅದರ ಒಂದು ಕೊನೆ ಪೂರಾ ಮಾಯವಾಗಿತ್ತು. ಉಳಿದದ್ದು ಒಂಬತ್ತೂವರೆ ಸೆಂಟಿಮೀಟರ್ ಉದ್ದದ ಒಂದು ತುಂಡು, ಜೊತೆಗೆ ಆ ಸಣ್ಣ ಚೂರುಗಳು. ಇನ್ನು ಒಂಬತ್ತು ಚದರ ಸೆಂಟಿಮೀಟರ್ ಸೇರಿದರೆ ಪೂರ್ತಿ ಹಣ, ಸೇರದಿದ್ದರೆ ಅರ್ಧ.

ಸೋಮವಾರ ಹೋಟೆಲಿನವರೇ ನಿಚಿಗಿನ್‌ಗೆ ಫೋನ್ ಮಾಡಿ ಎಷ್ಟು ನೋಟು, ಹೇಗೆ ಹಾಳಾಗಿದೆ ಅಂತ ಹೇಳಿ, ಮಾರನೇ ದಿನಕ್ಕೆ ಸಮಯ ಗೊತ್ತು ಮಾಡಿಕೊಟ್ಟರು. ಹೋಗುವ ಮೊದಲು ಹೀಗೆ ಫೋನ್ ಮಾಡಿಸುವುದು ಒಳ್ಳೆಯದು. ಭಾಷೆ ಬಾರದ ನಮ್ಮಂಥವರಿಗಂತೂ ಅದರಿಂದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಬ್ಯಾಂಕಿನ ಮುಖ್ಯ ಕಚೇರಿ ಇರುವುದು ನಿಹೊನ್‌ಬಾಶಿಯಲ್ಲಿ. ಮೆಟ್ರೋದಲ್ಲಿ ಮಿತ್ಸುಕೋಶಿಮಾಏ ನಿಲ್ದಾಣದಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ಹಿಂದೆ ಶೋಗನ್‌ಗಳು ಆಳುತ್ತಿದ್ದ ಎದೋ ಕಾಲದಲ್ಲಿ ಅಲ್ಲಿ ಚಿನ್ನದ ನಾಣ್ಯ ಹಾಕುವ ಟಂಕಸಾಲೆ ಇತ್ತು. ಈಗ ಕಾಣುವ ಹಳೆಯ ಕಲ್ಲಿನ ಕಟ್ಟಡ 1896ರದ್ದು, ತಾತ್ಸುನೊ ಕಿಂಗೊ ಅನ್ನುವವರು ವಿನ್ಯಾಸ ಮಾಡಿದ್ದು. ಟೋಕಿಯೋ ನಿಲ್ದಾಣದ ಆ ಇಟ್ಟಿಗೆ ಕಟ್ಟಡವೂ ಅವರದ್ದೇ. ಅಂದರೆ ನಮ್ಮ ಡಬ್ಬಿಯೊಳಗೆ ಚೂರಾಗಿ ಮಲಗಿದ್ದ ಕಟ್ಟಡ, ನಾವು ಹೋಗಿ ನಿಂತ ಕಟ್ಟಡ, ಎರಡನ್ನೂ ಯೋಚಿಸಿದ್ದು ಒಬ್ಬನೇ ಮನುಷ್ಯ. ಅಮ್ಮನಿಗೆ ಹೇಳಿದಾಗ ಅವಳು ತಲೆ ಎತ್ತಿ ಗೋಡೆಗಳನ್ನು ಮೊದಲಿನಿಂದ ಇನ್ನೊಮ್ಮೆ ನೋಡಿದಳು.

ಗೇಟಿನಲ್ಲಿ ಬಂದ ಕಾರಣ ಹೇಳಿ ಒಳಗೆ ಹೋದೆವು. ಒಂದು ಫಾರಂ ಕೊಟ್ಟರು. ಹೆಸರು, ವಿಳಾಸ, ಯಾವ ನೋಟು, ಎಷ್ಟು, ಹೇಗೆ ಹಾಳಾಯಿತು ಅನ್ನೋದನ್ನು ಬರೆಯಬೇಕು. ಪಾಸ್‌ಪೋರ್ಟ್ ಜೊತೆಗಿತ್ತು. ಹೋಟೆಲಿನ ಹುಡುಗ ಜಪಾನಿ ಭಾಷೆಯಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನೂ ಕೊಟ್ಟೆ. ಕೌಂಟರ್‌ನಲ್ಲಿ ಇದ್ದದ್ದು ಮಧ್ಯವಯಸ್ಸಿನ ಒಬ್ಬ ಮಹಿಳೆ. ಡಬ್ಬಿ ತೆಗೆದು ನೋಡಿ, ನಾವು ಚೂರುಗಳನ್ನು ಬೇರೆ ಬೇರೆ ಮಾಡಿ ತಂದದ್ದಕ್ಕೆ ಬಗ್ಗಿ ವಂದನೆ ಹೇಳಿದರು. ಆಮೇಲೆ ಹಾಳೆಗಳನ್ನು ಒಂದು ತಟ್ಟೆಗೆ ಹಾಗೇ ಜಾರಿಸಿಕೊಂಡರು. ಒಂದು ಚೂರೂ ಅಲುಗಾಡಲಿಲ್ಲ.

ಮುಂದಿನದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಮೊದಲು ಎಲ್ಲ ಚೂರುಗಳನ್ನೂ ಚಿಮಟದಲ್ಲಿ ಎತ್ತಿ ಮುಂಬದಿ ನೋಡಿದರು, ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ಒಂದು ನೋಟಿನ ಆಕಾರಕ್ಕೆ ಸರಿಯಾಗಿ ಜೋಡಿಸಿದರು. ಜೋಡಿಸಿದ ಮೇಲೆ ಸಣ್ಣ ಸಣ್ಣ ಚೌಕದ ಗೆರೆ ಇದ್ದ ಒಂದು ಪಾರದರ್ಶಕ ಹಾಳೆಯನ್ನು ಅದರ ಮೇಲೆ ಇಟ್ಟರು. ಕಾಗದ ಇರುವ ಚೌಕ ಎಷ್ಟು, ಖಾಲಿ ಎಷ್ಟು ಅಂತ ಎಣಿಸುವುದು. ಎಣಿಸಿ ಬರೆದುಕೊಂಡು, ಪಕ್ಕದವರಿಗೆ ಕೊಟ್ಟರು. ಅವರು ಮತ್ತೆ ಮೊದಲಿನಿಂದ ಎಣಿಸಿದರು.

ಫೀನಿಕ್ಸ್ ನೋಟು ಪೂರ್ತಿ. ಎರಡನೆಯದೂ ದಾಟಿತು. ಜಾಲರಿಯಿಂದ ಹೆಕ್ಕಿದ ಚೂರುಗಳು ಇಲ್ಲದಿದ್ದರೆ ಖಂಡಿತ ದಾಟುತ್ತಿರಲಿಲ್ಲ. ಅಮ್ಮ ನನ್ನ ಕೈ ಒತ್ತಿದಳು.

ಮೂರನೆಯದಕ್ಕೆ ಬಂದಾಗ ಅವರು ನಿಧಾನವಾದರು. ದೊಡ್ಡ ತುಂಡಿನ ಪಕ್ಕ ಚೂರುಗಳನ್ನು ಇಡುತ್ತಾ ಹೋದವರು, ನಾಲ್ಕೈದನ್ನು ಎತ್ತಿ ಬೇರೆ ಕಡೆ ಇಟ್ಟರು. ನನಗೆ ಯಾಕೆ ಅಂತ ಅರ್ಥವಾಗಲಿಲ್ಲ, ಅವೂ ಅದೇ ನೋಟಿನವು ಅಂತ ನನಗೆ ನಂಬಿಕೆ ಇತ್ತು. ಅವರು ಒಂದು ಚೂರನ್ನು ಚಿಮಟದಲ್ಲಿ ಹಿಡಿದು ನನ್ನ ಕಡೆ ತಿರುಗಿಸಿ ತೋರಿಸಿದರು. ಮುಂಬದಿಯಲ್ಲಿ ಕಂದು ಗೆರೆಗಳು ಸ್ಪಷ್ಟವಾಗಿದ್ದವು. ಹಿಂಬದಿ ಬರೀ ಬಿಳಿ ನಾರು. ಡ್ರೈಯರ್‌ನಲ್ಲಿ ಉಜ್ಜಿ ಕಾಗದ ಪದರ ಬಿಟ್ಟಿತ್ತು, ಹಿಂದಿನ ಪದರ ಎಲ್ಲೋ ಪುಡಿಯಾಗಿ ಹೋಗಿತ್ತು. ನೋಟಿನ ಎರಡೂ ಬದಿ ಇರಬೇಕು ಅನ್ನುವುದು ನಿಯಮ. ಒಂದೇ ಬದಿ ಇರುವ ಚೂರು ಲೆಕ್ಕಕ್ಕಿಲ್ಲ. ಅದು ನ್ಯಾಯವೇ. ಇಲ್ಲದಿದ್ದರೆ ಒಂದೇ ನೋಟನ್ನು ಸೀಳಿ ಎರಡು ಕಡೆ ಹಣ ಕೇಳಬಹುದಲ್ಲ. ಅವರು ಲಕೋಟೆಯ ಪುಡಿಚೂರುಗಳನ್ನೂ ಬಿಡದೆ ಹುಡುಕಿದರು, ಇಟ್ಟು ನೋಡಿದರು, ಎರಡು ಸಲ ಎಣಿಸಿದರು. ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆಯೇ ಬಂತು. "ಅರ್ಧ" ಅಂತ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ತಲೆ ಬಗ್ಗಿಸಿದರು.

ನಮಗೆ ಬೇಜಾರಾಗಲಿಲ್ಲ. ಬಿಸಾಕಬೇಕು ಅಂದುಕೊಂಡಿದ್ದ 30,000 ಯೆನ್‌ನಲ್ಲಿ 25,000 ವಾಪಸ್ ಬಂದಿತ್ತು. ಒಂದು ಪೈಸೆ ಶುಲ್ಕ ಇಲ್ಲ. ಶಿಬುಸಾವಾ ಚಿತ್ರದ ಎರಡು 10,000, ಒಂದು 5,000. ಆ 5,000ದಲ್ಲಿ ಇರುವವರು ತ್ಸುದಾ ಉಮೆಕೊ, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಹಣಕ್ಕಿಂತ ನನಗೆ ಹೆಚ್ಚು ಅನ್ನಿಸಿದ್ದು ಅವರು ಕೊಟ್ಟ ಗಮನ. ಬೇರೆ ದೇಶದಿಂದ ಬಂದವರು, ಬರೀ ಮೂರು ನೋಟು, ಬೇಗ ಮುಗಿಸಿ ಕಳಿಸೋಣ ಅನ್ನುವ ಆತುರ ಅಲ್ಲಿ ಕಾಣಲಿಲ್ಲ. ಅಕ್ಕಿಕಾಳಿನಷ್ಟು ಚೂರಿಗೂ ಎರಡು ಜೊತೆ ಕಣ್ಣು.

ಎದುರು ರಸ್ತೆಯಲ್ಲೇ ಬ್ಯಾಂಕಿನ ಕರೆನ್ಸಿ ಮ್ಯೂಸಿಯಂ ಇದೆ. ಪ್ರವೇಶ ಉಚಿತ, ಸೋಮವಾರ ರಜೆ. ಅಲ್ಲಿ ಹತ್ತು ಕೋಟಿ ಯೆನ್‌ನಷ್ಟು ತೂಕದ ಕಟ್ಟನ್ನು ಎತ್ತಿ ನೋಡಬಹುದು. 10,000ದ ನೋಟು ಸುಮಾರು ಒಂದು ಗ್ರಾಂ, ಹಾಗಾಗಿ ಕಟ್ಟು ಹತ್ತು ಕೆಜಿ. ಅಮ್ಮ ಎರಡು ಕೈ ಹಾಕಿ ಎತ್ತಿದಳು. 10,000ದ ನೋಟಿನ ಆಯಸ್ಸು ನಾಲ್ಕೈದು ವರ್ಷವಂತೆ. ಕೈ ಬದಲಾಗುವುದು ಜಾಸ್ತಿ ಇರುವ 1,000 ಮತ್ತು 5,000ದ ನೋಟುಗಳು ಒಂದೆರಡು ವರ್ಷಕ್ಕೇ ಸವೆದುಹೋಗುತ್ತವೆ. ಸವೆದದ್ದನ್ನು ಬ್ಯಾಂಕು ವಾಪಸ್ ತೆಗೆದುಕೊಂಡು ಸಣ್ಣಗೆ ಕತ್ತರಿಸಿಬಿಡುತ್ತದೆ.

ಆಮೇಲೆ ಬೇರೆ ದೇಶಗಳಲ್ಲಿ ಹೇಗೆ ಅಂತಲೂ ಹುಡುಕಿ ಓದಿದೆ, ಪ್ರಯಾಣ ಮಾಡುವವರಿಗೆ ಇದು ಗೊತ್ತಿರಲೇಬೇಕು ಅನ್ನಿಸಿತು. ಯೂರೋ ನೋಟಿನ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ದೇಶಗಳ ಕೇಂದ್ರ ಬ್ಯಾಂಕುಗಳು ಪೂರ್ತಿ ಬದಲಿಸಿಕೊಡುತ್ತವೆ. ಅಷ್ಟಿಲ್ಲದಿದ್ದರೆ ಉಳಿದ ಭಾಗ ನಾಶವಾಗಿದೆ ಅಂತ ತೋರಿಸಬೇಕು. ಆಸ್ಟ್ರೇಲಿಯಾದ್ದು ಪ್ಲಾಸ್ಟಿಕ್ ನೋಟು, ಅಲ್ಲಿ ಲೆಕ್ಕವೇ ಬೇರೆ. 20 ಪರ್ಸೆಂಟ್‌ಗಿಂತ ಕಡಿಮೆ ಉಳಿದರೆ ಏನೂ ಇಲ್ಲ, 80ಕ್ಕಿಂತ ಜಾಸ್ತಿ ಉಳಿದರೆ ಪೂರ್ತಿ, ನಡುವೆ ಎಷ್ಟು ಪಾಲು ಉಳಿದಿದೆಯೋ ಅಷ್ಟು ಹಣ. ಅಮೆರಿಕದ ಡಾಲರ್ ತೀರಾ ಹಾಳಾಗಿದ್ದರೆ ನೋಟು ಮುದ್ರಿಸುವ ಬ್ಯೂರೋ ಆಫ್ ಎನ್‌ಗ್ರೇವಿಂಗ್ ಅಂಡ್ ಪ್ರಿಂಟಿಂಗ್‌ಗೇ ಹೋಗಬೇಕು. ಎಲ್ಲ ಕಡೆ ಒಂದು ಮಾತು ಮಾತ್ರ ಒಂದೇ: ಹಣ ಕೊಡುವ ಹೊಣೆ ಆ ನೋಟು ಹೊರಡಿಸಿದ ದೇಶದ್ದು. ನಿಚಿಗಿನ್ ಹರಿದ ಡಾಲರ್ ಮುಟ್ಟುವುದಿಲ್ಲ, ಬೇರೆ ದೇಶದ ಬ್ಯಾಂಕು ಹರಿದ ಯೆನ್ ಮುಟ್ಟುವುದಿಲ್ಲ. ವಿಮಾನ ಹತ್ತಿದಮೇಲೆ ಆ ನೋಟಿಗೆ ದಾರಿ ತುಂಬಾ ದೂರ.

ಹಾಗಾಗಿ ಜಪಾನಿನಲ್ಲಿ ನೋಟು ಹಾಳಾದರೆ ಅಲ್ಲಿಂದ ಹೊರಡುವ ಮೊದಲೇ ಕೆಲಸ ಮುಗಿಸಿ. ಚೂರು, ಪುಡಿ, ಬೂದಿ ಏನಿದ್ದರೂ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ನಿಚಿಗಿನ್ ಶಾಖೆಗಳು ಒಸಾಕಾ, ನಗೋಯಾ, ಹಿರೋಶಿಮಾ, ಫುಕುಓಕಾ, ಸಪ್ಪೊರೊ ಮುಂತಾದ ಊರುಗಳಲ್ಲೂ ಇವೆ, ಟೋಕಿಯೋವರೆಗೆ ಬರಲೇಬೇಕು ಅಂತಿಲ್ಲ. ಶನಿವಾರ, ಭಾನುವಾರ, ಸರ್ಕಾರಿ ರಜೆ ಮತ್ತು ಡಿಸೆಂಬರ್ 31ರಿಂದ ಜನವರಿ 3ರವರೆಗೆ ಕೌಂಟರ್ ಮುಚ್ಚಿರುತ್ತದೆ. ಭಾನುವಾರದ ವಿಮಾನವಾದರೆ ವಾರದ ನಡುವೆಯೇ ಫೋನ್ ಮಾಡಿಸಿ, ಶುಕ್ರವಾರದೊಳಗೆ ಹೋಗಿಬನ್ನಿ.